ಖ್ಯಾತಿ, ಕರುಣೆ ಮತ್ತು ಕಾಯಕ: ಲಿಂಗತ್ವ ಅಲ್ಪಸಂಖ್ಯಾತರ ಉದ್ಯೋಗದ ಹಕ್ಕನ್ನು ಕುರಿತ ಒಂದು ವಿವೇಚನೆ

1

2021ನೆಯ ಇಸವಿಯ ಆರು ತಿಂಗಳ ಅವಧಿಯಲ್ಲಿ ಕರ್ನಾಟಕದಲ್ಲಿ ಮೂರು ಸಂಗತಿಗಳು ನಡೆದವು. ಜೂನ್ ತಿಂಗಳ ನಡುಭಾಗದಲ್ಲಿ ನಟ ಸಂಚಾರಿ ವಿಜಯ್ ರಸ್ತೆ ಅಪಘಾತಕ್ಕೆ ಈಡಾಗಿ ತೀರಿಕೊಂಡರು. ಲಿಂಗಪರಿವರ್ತಿತ ಮಹಿಳೆಯ ಪಾತ್ರವನ್ನು ತೆರೆಯ ಮೇಲೆ ನಿರ್ವಹಿಸಿ ರಾಷ್ಟ್ರಪ್ರಶಸ್ತಿ ಪಡೆದಿದ್ದ ಈ ಕಲಾವಿದರ ಅಂಗಾಂಗಗಳನ್ನು ಕುಟುಂಬದವರು ದಾನ ಮಾಡಿದರು. ಜುಲೈ 6ರಂದು ರಾಜ್ಯ ಸರ್ಕಾರವು ತನ್ನ ಸಿವಿಲ್ ಸೇವೆಗಳ ನೇಮಕಾತಿ ನಿಯಮಗಳಿಗೆ ತಿದ್ದುಪಡಿ ತಂದು, ನೇರ ನೇಮಕಾತಿಯ ಹುದ್ದೆಗಳಲ್ಲಿ ಶೇಕಡ 1ರಷ್ಟನ್ನು ಲಿಂಗತ್ವ ಅಲ್ಪಸಂಖ್ಯಾತರಿಗೆ ಮೀಸಲಿರಿಸಿತು. ನವೆಂಬರ್ 9ರಂದು ಜೋಗತಿ ನೃತ್ಯ ಕಲಾವಿದೆ ಮಂಜಮ್ಮ ಜೋಗತಿಯವರು ರಾಷ್ಟ್ರಪತಿಭವನದಲ್ಲಿ ಪದ್ಮಶ್ರೀ ಪ್ರಶಸ್ತಿ ಸ್ವೀಕರಿಸಿದರು. ಪ್ರಶಸ್ತಿ ಪಡೆಯುವ ಮುನ್ನ ಅವರು ರಾಷ್ಟ್ರಪತಿಯವರಿಗೆ ತಮ್ಮ ಸೆರಗಿನಿಂದ ದೃಷ್ಟಿ ನಿವಾಳಿಸಿದ ದೃಶ್ಯವನ್ನು ನಾಡೆಲ್ಲ ಕಂಡಿತು.

ಮೊದಲನೆಯ ಮತ್ತು ಮೂರನೆಯ ಸಂಗತಿಗಳು ಜನಮನದಲ್ಲಿ ಉಳಿದಿವೆ. ಎರಡನೆಯದು ರಾಜ್ಯಪತ್ರದ ಪುಟಗಳಲ್ಲಿ ಉಳಿದಿದೆ. ಖ್ಯಾತನಾಮರ ಒಳ್ಳೆಯ ಕಾರ್ಯಗಳು ಸಮಾಜದ ಕಣ್ಣು ತೆರೆಸುತ್ತವೆ ಎಂಬುದು ಸಾಮಾನ್ಯವಾದ ತಿಳಿವಳಿಕೆ. ಅದು ತಪ್ಪಲ್ಲ. ಆದರೆ ತೆರೆದ ಕಣ್ಣಿಗೂ ಕೆಲಸಕ್ಕೆ ಸೇರಿಸಿಕೊಳ್ಳುವ ಕೈಗೂ ನಡುವೆ ಬಹಳ ದೂರವಿದೆ. ಆ ದೂರವನ್ನು ಕ್ರಮಿಸುವಲ್ಲಿ ಖ್ಯಾತಿಯ ಪಾತ್ರವೆಷ್ಟು, ನಿಯಮದ ಪಾತ್ರವೆಷ್ಟು, ಇವೆರಡೂ ತಲುಪದೆ ಉಳಿದ ಎಡೆ ಯಾವುದು ಎಂಬ ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ. ಈ ವಿವೇಚನೆಗೆ ರಾಜಧಾನಿಗಿಂತ ಮಧ್ಯ ಕರ್ನಾಟಕದ ಒಳನಾಡು ಹೆಚ್ಚು ತಕ್ಕ ನೆಲೆಯಾಗಿದೆ. ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಬಿಳಿಚೋಡಿನಂತಹ ಊರಿನಲ್ಲಿ ನಿಂತು ನೋಡಿದಾಗ, ಪ್ರಶಸ್ತಿಯಾಗಲಿ ಅಧಿಸೂಚನೆಯಾಗಲಿ ಎಷ್ಟು ದೂರ ಪಯಣಿಸಬಲ್ಲದು ಎಂಬುದು ಸ್ಪಷ್ಟವಾಗುತ್ತದೆ.

2

ಮಳೆಯನ್ನೇ ನೆಚ್ಚಿದ ಬೇಸಾಯದ ಜಗಳೂರು ಸೀಮೆ ಪದೇ ಪದೇ ಬರಕ್ಕೆ ಒಳಗಾಗುವ ಪ್ರದೇಶ. 1997ರಲ್ಲಿ ಹೊಸ ಜಿಲ್ಲೆ ರಚನೆಯಾದಾಗ ಈ ತಾಲ್ಲೂಕು ಚಿತ್ರದುರ್ಗದಿಂದ ದಾವಣಗೆರೆಗೆ ಸೇರಿತು. ಊರಿನಲ್ಲಿ ಕೂಲಿ ಸಾಲದಾದಾಗ ಇಲ್ಲಿನವರು ಮುಖ ಮಾಡುವ ಹತ್ತಿರದ ದೊಡ್ಡ ಪಟ್ಟಣವೆಂದರೆ ದಾವಣಗೆರೆ. ಒಂದು ಕಾಲದಲ್ಲಿ ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಆ ಪಟ್ಟಣದ ಬಸ್ ನಿಲ್ದಾಣ ದುಡಿಮೆ ಅರಸಿ ಬರುವವರ ಹೆಬ್ಬಾಗಿಲಾಗಿದೆ. ಮಂಜಮ್ಮ ಜೋಗತಿಯವರ ಬದುಕು ತಿರುವು ಪಡೆದದ್ದೂ ಅದೇ ಬಸ್ ನಿಲ್ದಾಣದ ಬಳಿಯಲ್ಲಿ ಎಂಬುದು ಈ ಸಂದರ್ಭದಲ್ಲಿ ಗಮನಾರ್ಹ.

ಬಳ್ಳಾರಿ ಸೀಮೆಯಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದ ಅವರನ್ನು ಮನೆಯವರು ಹುಲಿಗಿಯ ದೇವಿಯ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿ ಜೋಗಪ್ಪನನ್ನಾಗಿ ಮಾಡಿದರು. ಆ ಬಳಿಕ ಮನೆಯೊಳಗಿನ ಸ್ಥಾನ ಇಲ್ಲವಾಯಿತು. ವಿಷ ಕುಡಿದು ಬದುಕುಳಿದದ್ದು, ಭಿಕ್ಷೆ ಬೇಡಿದ್ದು, ದೌರ್ಜನ್ಯಕ್ಕೆ ತುತ್ತಾದದ್ದು ಎಲ್ಲವನ್ನೂ ಅವರೇ ಹಲವು ಸಂದರ್ಭಗಳಲ್ಲಿ ಹೇಳಿಕೊಂಡಿದ್ದಾರೆ. ದಾವಣಗೆರೆಯ ಬಸ್ ನಿಲ್ದಾಣದ ಬಳಿ ತಂದೆ ಹಾಡುತ್ತಿರಲು ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದುದನ್ನು ಅವರು ಕಂಡರು. ಅವರಿಂದಲೇ ಜೋಗತಿ ನೃತ್ಯದ ಮೊದಲ ಪಾಠ ಕಲಿತರು. ಮುಂದೆ ಕಾಳವ್ವ ಜೋಗತಿಯವರ ತಂಡ ಸೇರಿದರು; ಕಾಳವ್ವನವರ ತರುವಾಯ ತಂಡವನ್ನು ತಾವೇ ಮುನ್ನಡೆಸಿದರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂದಿತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ ನೇಮಕಗೊಂಡು, ಆ ಪೀಠವನ್ನು ಅಲಂಕರಿಸಿದ ಮೊದಲ ಲಿಂಗಪರಿವರ್ತಿತ ವ್ಯಕ್ತಿಯಾದರು.

ಈ ಜೀವನಕಥನವನ್ನು ಸಾಮಾನ್ಯವಾಗಿ ಛಲದ ಕಥೆಯೆಂದು ಓದಲಾಗುತ್ತದೆ. ಉದ್ಯೋಗದ ದೃಷ್ಟಿಯಿಂದ ನೋಡಿದರೆ ಇನ್ನೊಂದು ಅರ್ಥವೂ ಹೊಳೆಯುತ್ತದೆ. ಎಲ್ಲಮ್ಮ, ಹುಲಿಗೆಮ್ಮರ ಪರಂಪರೆಯಲ್ಲಿ ಜೋಗಪ್ಪ–ಜೋಗತಿಯರಿಗೆ ಸಮಾಜವು ಒಂದು ಸ್ಥಾನ ನೀಡಿದೆ ಎಂಬುದು ನಿಜ. ಪಡಲಗಿ ಹೊತ್ತು ಮನೆಮನೆಗೆ ಬಂದವರಿಗೆ ಜೋಗ ನೀಡುವುದು ಪುಣ್ಯವೆಂಬ ನಂಬಿಕೆ ಇದೆ. ಚೌಡಿಕೆಯ ಮೇಳಕ್ಕೆ ಜಾತ್ರೆಯಲ್ಲಿ ಮನ್ನಣೆಯಿದೆ. ಆದರೆ ಈ ಸ್ಥಾನ ದೇವಿಯ ಹೆಸರಿನಿಂದ ಬಂದುದೇ ಹೊರತು ವ್ಯಕ್ತಿಯ ದುಡಿಮೆಯ ಹಕ್ಕಿನಿಂದ ಬಂದುದಲ್ಲ. ಮುತ್ತು ಕಟ್ಟಿಸಿಕೊಂಡವರನ್ನು ಬಾಗಿಲಲ್ಲಿ ನಿಲ್ಲಿಸಿ ಕೈಮುಗಿಯುವ ಮನೆ, ಅವರನ್ನು ಅಂಗಡಿಯ ಲೆಕ್ಕ ಬರೆಯಲು ಕೂರಿಸಿಕೊಳ್ಳುವುದಿಲ್ಲ. ಪೂಜ್ಯತೆ ಮತ್ತು ಬಹಿಷ್ಕಾರ ಒಂದೇ ಹೊಸ್ತಿಲಿನ ಎರಡು ಬದಿಗಳಾಗಿ ಇಲ್ಲಿ ಕಾಣಿಸಿಕೊಳ್ಳುತ್ತವೆ. ಎಸ್.ಎಸ್.ಎಲ್.ಸಿ.ವರೆಗೆ ಓದಿದ್ದ ಮಂಜಮ್ಮನವರಿಗೆ ಬದುಕಿನ ದಾರಿಯಾಗಿ ಒದಗಿದ್ದು ಕಲೆ. ಕಲೆ ಒಲಿಯದ ನೂರಾರು ಮಂದಿಗೆ ಯಾವ ದಾರಿ ಎಂಬ ಪ್ರಶ್ನೆಗೆ ಪದ್ಮಶ್ರೀ ಉತ್ತರವಾಗಲಾರದು. ಅದು ಆ ಪ್ರಶಸ್ತಿಯ ಕೊರತೆಯೂ ಅಲ್ಲ.

3

ಕನ್ನಡ ಚಲನಚಿತ್ರವು ಈ ಪ್ರಶ್ನೆಯನ್ನು ಬೇರೊಂದು ಬಗೆಯಲ್ಲಿ ಎತ್ತಿಕೊಂಡಿತು. ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ... ಅವಳು’ ಚಿತ್ರಕ್ಕೆ ತಮಿಳುನಾಡಿನ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ಆಧಾರ. ಇದರ ಅಭಿನಯಕ್ಕಾಗಿ ಸಂಚಾರಿ ವಿಜಯ್ 2014ರ ಸಾಲಿನ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಪಡೆದರು; ಚಿತ್ರದ ಪ್ರಸಾಧನಕ್ಕೂ ರಾಷ್ಟ್ರಪ್ರಶಸ್ತಿ ಸಂದಿತು. ಕಡೂರು ತಾಲ್ಲೂಕಿನ ಪಂಚನಹಳ್ಳಿಯಿಂದ ಬಂದು, ‘ಸಂಚಾರಿ’ ರಂಗತಂಡದಲ್ಲಿ ಪಳಗಿದ ಈ ನಟ ಹೆಣ್ಣಾಗಬಯಸುವ ಗಂಡುದೇಹವನ್ನು ನಗೆಪಾಟಲು ಮಾಡದೆ ಅಭಿನಯಿಸಿದ್ದು ಕನ್ನಡ ಚಿತ್ರರಂಗದ ಮಟ್ಟಿಗೆ ಒಂದು ಪಲ್ಲಟ. ಅದುವರೆಗೆ ಇಂತಹ ಪಾತ್ರಗಳು ಬಹುಮಟ್ಟಿಗೆ ಹಾಸ್ಯದ ಸರಕಾಗಿದ್ದವು. ಕೊರೊನಾ ಎರಡನೆಯ ಅಲೆಯ ಸಂದರ್ಭದಲ್ಲಿ ಅವರು ರೋಗಿಗಳಿಗೆ ಆಮ್ಲಜನಕ ಒದಗಿಸುವ ಸ್ವಯಂಸೇವಾ ಕಾರ್ಯದಲ್ಲಿ ತೊಡಗಿದ್ದರು.

ಓದಿದ ವ್ಯಕ್ತಿಯೊಬ್ಬರಿಗೆ ಲಿಂಗತ್ವದ ಕಾರಣದಿಂದ ಕೆಲಸ ದೊರೆಯದೆ ಭಿಕ್ಷೆಗೆ ಇಳಿಯಬೇಕಾದದ್ದು ವಿದ್ಯಾ ಅವರ ಆತ್ಮಕಥೆಯ ಮುಖ್ಯ ನೋವುಗಳಲ್ಲಿ ಒಂದು. ಸ್ನಾತಕೋತ್ತರ ಪದವಿ ಕೈಯಲ್ಲಿದ್ದರೂ ದುಡಿಮೆಯ ಸ್ಥಳದಲ್ಲಿ ಬಾಗಿಲು ಮುಚ್ಚಿರುತ್ತದೆ ಎಂಬ ಸತ್ಯವನ್ನು ಈ ಕಥನ ಸಾವಿರಾರು ಪ್ರೇಕ್ಷಕರ ಮುಂದಿಟ್ಟಿತು. ಇಲ್ಲಿ ಖ್ಯಾತಿ ಮಾಡಿದ ಕೆಲಸ ಸಣ್ಣದಲ್ಲ. ಕಾನೂನು ಬದಲಾಗುವ ಮೊದಲು ಭಾಷೆ ಬದಲಾಗಬೇಕಾಗುತ್ತದೆ. ನಿಂದೆಯ ಮಾತುಗಳಿಂದಲೇ ಗುರುತಿಸಲ್ಪಡುತ್ತಿದ್ದ ಸಮುದಾಯವನ್ನು ಗೌರವದ ಹೆಸರಿನಿಂದ ಕರೆಯುವ ರೂಢಿಗೆ ಸಿನಿಮಾ, ರಂಗಭೂಮಿ ಮತ್ತು ಆತ್ಮಕಥನಗಳು ನೆರವಾದವು. ಎ. ರೇವತಿಯವರ ‘ಬದುಕು ಬಯಲು’ ಕೃತಿ ಹಾಗೂ ಅದರ ರಂಗರೂಪವನ್ನು ಇದೇ ಸಾಲಿನಲ್ಲಿ ಗಮನಿಸಬಹುದು.

ಆದರೆ ಖ್ಯಾತಿಯ ಮಿತಿಯೂ ಇಲ್ಲಿಯೇ ಗೋಚರಿಸುತ್ತದೆ. ಸತ್ಕಾರ್ಯದ ಪ್ರಭಾವ ವ್ಯಕ್ತಿಯೊಂದಿಗೆ ಅಂಟಿಕೊಂಡಿರುತ್ತದೆ. ವ್ಯಕ್ತಿ ಇಲ್ಲವಾದಾಗ ಅದು ನೆನಪಾಗಿ ಉಳಿಯುತ್ತದೆ. ಚಿತ್ರ ನೋಡಿ ಕಣ್ಣೀರಿಟ್ಟ ಮಾಲೀಕನು ಮರುದಿನ ಕೆಲಸ ಕೇಳಿ ಬಂದವರನ್ನು ಹಿಂದಕ್ಕೆ ಕಳಿಸಿದರೆ ಅವನನ್ನು ಪ್ರಶ್ನಿಸುವ ಅಧಿಕಾರ ಆ ಕಣ್ಣೀರಿಗೆ ಇರುವುದಿಲ್ಲ. ಕರುಣೆ ಕೊಡುವವನ ಇಚ್ಛೆಗೆ ಸೇರಿದ್ದು, ಹಕ್ಕು ಪಡೆಯುವವನ ಇಚ್ಛೆಗೆ ಸೇರಿದ್ದು.

4

ಹಕ್ಕಿನ ಮಾತು ಕರ್ನಾಟಕದಲ್ಲಿ ಎಷ್ಟು ತೊಡಕಿನ ಹಾದಿಯಲ್ಲಿ ಬಂದಿತೆಂಬುದನ್ನು ಪರಿಶೀಲಿಸಬೇಕು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಎರಡನೆಯ ಭಾಗವು ಉತ್ತರ ಭಾರತದ ಪ್ರಾಂತಗಳಲ್ಲಿ ಹಿಜ್ರಾ ಸಮುದಾಯದವರ ನೋಂದಣಿಗೆ ವಿಧಿಸಿತ್ತು. ನೋಂದಾಯಿತರು ಸ್ತ್ರೀವೇಷ ಧರಿಸಿ ಸಾರ್ವಜನಿಕವಾಗಿ ಕುಣಿಯುವುದನ್ನೂ ಹಾಡುವುದನ್ನೂ ಶಿಕ್ಷಾರ್ಹವಾಗಿಸಿತ್ತು. ಎಂದರೆ ಜೀವನೋಪಾಯವೇ ಅಪರಾಧವಾಗಿತ್ತು. ಈ ಮನೋಧರ್ಮದ ನೆರಳು ಬಹುಕಾಲ ಉಳಿಯಿತು. 2011ರಲ್ಲಿ ಕರ್ನಾಟಕ ಪೊಲೀಸ್ ಅಧಿನಿಯಮಕ್ಕೆ ಸೇರಿಸಲಾದ 36-ಎ ಕಲಮು, ಅನುಮಾನಕ್ಕೆ ಒಳಗಾದ ಇದೇ ಸಮುದಾಯದವರ ಹೆಸರು ಮತ್ತು ವಾಸಸ್ಥಳಗಳ ದಾಖಲೆ ಇಡಲು ಪೊಲೀಸರಿಗೆ ಅವಕಾಶ ನೀಡಿತು. ಅದನ್ನು ಸಂಘಟನೆಗಳು ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದವು. ಮುಂದೆ ಸಮುದಾಯವನ್ನು ಹೆಸರಿಸುವ ಪದವನ್ನು ಆ ಕಲಮಿನಿಂದ ತೆಗೆಯಲಾಯಿತು.

2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ನಾಲ್ಸಾ ಪ್ರಕರಣದಲ್ಲಿ ನೀಡಿದ ತೀರ್ಪು ಈ ದಿಕ್ಕನ್ನೇ ತಿರುಗಿಸಿತು. ತಮ್ಮ ಲಿಂಗತ್ವವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕನ್ನು ಅದು ಮಾನ್ಯ ಮಾಡಿತು. ಈ ಸಮುದಾಯವನ್ನು ಸಾಮಾಜಿಕವಾಗಿ ಮತ್ತು ಶೈಕ್ಷಣಿಕವಾಗಿ ಹಿಂದುಳಿದ ವರ್ಗವೆಂದು ಪರಿಗಣಿಸಿ, ಶಿಕ್ಷಣ ಹಾಗೂ ಸರ್ಕಾರಿ ನೇಮಕಾತಿಯಲ್ಲಿ ಮೀಸಲಾತಿ ನೀಡಬೇಕೆಂದು ಸೂಚಿಸಿತು. ಕರ್ನಾಟಕವು 2017ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ರಾಜ್ಯ ನೀತಿಯನ್ನು ಪ್ರಕಟಿಸಿತು. ಅದಕ್ಕೂ ಮೊದಲೇ ‘ಮೈತ್ರಿ’ ಎಂಬ ಮಾಸಾಶನ ಯೋಜನೆ ಜಾರಿಗೆ ಬಂದಿತ್ತು. ಮಾಸಾಶನ ಅವಶ್ಯಕವೇ. ಆದರೆ ದುಡಿಯಬಲ್ಲ ವ್ಯಕ್ತಿಗೆ ಮಾಸಾಶನ ಕೊಟ್ಟು ಹುದ್ದೆಯ ಬಾಗಿಲು ಮುಚ್ಚಿಡುವುದು ಜೋಗ ನೀಡುವ ಹಳೆಯ ಪದ್ಧತಿಯ ಹೊಸ ರೂಪವಾಗುತ್ತದೆ ಎಂಬ ಆಕ್ಷೇಪಕ್ಕೆ ಅವಕಾಶವಿತ್ತು.

ಈ ಬಾಗಿಲನ್ನು ತಟ್ಟಿದ್ದು ಯಾವ ಖ್ಯಾತನಾಮರೂ ಅಲ್ಲ. 2020ರಲ್ಲಿ ಪೊಲೀಸ್ ಇಲಾಖೆಯ ವಿಶೇಷ ಮೀಸಲು ಪಡೆ ಕಾನ್‌ಸ್ಟೆಬಲ್ ಹಾಗೂ ವಾದ್ಯವೃಂದದ ಹುದ್ದೆಗಳಿಗೆ ಹೊರಟ ಅಧಿಸೂಚನೆಯಲ್ಲಿ ಪುರುಷ ಮತ್ತು ಮಹಿಳೆ ಎಂಬ ಎರಡೇ ವರ್ಗಗಳಿದ್ದವು. ಇದನ್ನು ಪ್ರಶ್ನಿಸಿ ‘ಸಂಗಮ’ ಸಂಸ್ಥೆಯು ಉಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ‘ಜೀವ’ ಸಂಸ್ಥೆಯೂ ಪ್ರಕರಣದಲ್ಲಿ ಸೇರಿಕೊಂಡಿತು. ಹತ್ತು ವರ್ಷಗಳ ಹಿಂದೆ ಪೊಲೀಸರ ಅನುಮಾನದ ಪಟ್ಟಿಗೆ ಸೇರಿಸಲ್ಪಟ್ಟಿದ್ದ ಸಮುದಾಯವು ಪೊಲೀಸ್ ನೇಮಕಾತಿಯ ಪಟ್ಟಿಯಲ್ಲಿ ತನ್ನ ಹೆಸರಿರಲಿ ಎಂದು ಕೇಳಿದ್ದು ಇಲ್ಲಿನ ವಿಶೇಷ. ನ್ಯಾಯಾಲಯದ ವಿಚಾರಣೆಯ ಫಲವಾಗಿ ಸರ್ಕಾರವು 2021ರ ಮೇ ತಿಂಗಳಲ್ಲಿ ಕರಡನ್ನೂ ಜುಲೈ 6ರಂದು ಅಂತಿಮ ನಿಯಮವನ್ನೂ ಪ್ರಕಟಿಸಿತು. ಇಂತಹ ಮೀಸಲಾತಿ ತಂದ ಮೊದಲ ರಾಜ್ಯ ಕರ್ನಾಟಕವಾಯಿತು.

ಈ ನಿಯಮದ ರಚನೆಯನ್ನು ತಿಳಿಯುವುದು ಅಗತ್ಯ. 1977ರ ಸಾಮಾನ್ಯ ನೇಮಕಾತಿ ನಿಯಮಗಳ 9ನೆಯ ನಿಯಮಕ್ಕೆ ಇದನ್ನು ಸೇರಿಸಲಾಯಿತು. ಮೀಸಲಾತಿಯು ಸಮತಲ ಸ್ವರೂಪದ್ದು. ಸಾಮಾನ್ಯ ವರ್ಗ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಹಿಂದುಳಿದ ವರ್ಗಗಳ ಪ್ರತಿಯೊಂದು ಪಾಲಿನೊಳಗೂ ಶೇಕಡ 1ರಷ್ಟು ಹುದ್ದೆಗಳು ಮೀಸಲು. ಆದ್ದರಿಂದ ಒಬ್ಬ ದಲಿತ ಲಿಂಗಪರಿವರ್ತಿತ ಅಭ್ಯರ್ಥಿಯು ತನ್ನ ಜಾತಿಯ ಗುರುತನ್ನು ಬಿಟ್ಟುಕೊಡದೆಯೇ ಈ ಸೌಲಭ್ಯ ಪಡೆಯಬಹುದು. ಅರ್ಜಿಯಲ್ಲಿ ಪುರುಷ, ಮಹಿಳೆ ಎಂಬುವುಗಳ ಜೊತೆಗೆ ‘ಇತರೆ’ ಎಂಬ ಅಂಕಣವನ್ನು ಒದಗಿಸಬೇಕೆಂದೂ ಆಯ್ಕೆಯಲ್ಲಿ ತಾರತಮ್ಯ ಮಾಡಬಾರದೆಂದೂ ವಿಧಿಸಲಾಯಿತು. ಅರ್ಹ ಅಭ್ಯರ್ಥಿ ದೊರೆಯದಿದ್ದಲ್ಲಿ ಆ ಹುದ್ದೆಯನ್ನು ಅದೇ ವರ್ಗದ ಪುರುಷ ಅಥವಾ ಮಹಿಳೆಯಿಂದ ತುಂಬಬಹುದು ಎಂಬ ಉಪಬಂಧವೂ ಇದರಲ್ಲಿದೆ.

ಈ ಕೊನೆಯ ಉಪಬಂಧವೇ ಸಮಸ್ಯೆಯ ಬೇರನ್ನು ತೋರಿಸುತ್ತದೆ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಆಯ್ಕೆಪಟ್ಟಿ ಹೊರಬಂದಾಗ ಅದರಲ್ಲಿ ಲಿಂಗತ್ವ ಅಲ್ಪಸಂಖ್ಯಾತರು ಮೂವರಿದ್ದರು. ಶೇಕಡ 1 ಎಂದರೆ 150. ಮೂವರು ಮಕ್ಕಳ ಮುಂದೆ ಶಿಕ್ಷಕರಾಗಿ ನಿಲ್ಲುವಂತಾದದ್ದು ಚಾರಿತ್ರಿಕ ಸಂಗತಿ. ಉಳಿದ ಸ್ಥಾನಗಳನ್ನು ತುಂಬಬೇಕಾದವರು ಎಲ್ಲಿದ್ದಾರೆ ಎಂಬ ಪ್ರಶ್ನೆಗೆ ಉತ್ತರ ಶಾಲೆಯಲ್ಲಿಯೇ ಇದೆ. 2011ರ ಜನಗಣತಿಯಲ್ಲಿ ‘ಇತರೆ’ ಎಂದು ಗುರುತಿಸಿಕೊಂಡವರು ದೇಶದಲ್ಲಿ 4,87,803 ಮಂದಿ, ಕರ್ನಾಟಕದಲ್ಲಿ 20,266 ಮಂದಿ. ದೇಶದ ಒಟ್ಟು ಸಾಕ್ಷರತೆ ಸುಮಾರು ಶೇಕಡ 74ರಷ್ಟಿದ್ದಾಗ ಇವರ ಸಾಕ್ಷರತೆ ಸುಮಾರು ಶೇಕಡ 56ರಷ್ಟಿತ್ತು. ಎಂಟನೆಯ ತರಗತಿಯಲ್ಲಿ ಸಹಪಾಠಿಗಳ ಅಪಹಾಸ್ಯ ತಾಳಲಾರದೆ ಶಾಲೆ ಬಿಟ್ಟ ಹುಡುಗನು ಇಪ್ಪತ್ತೈದರ ವಯಸ್ಸಿನಲ್ಲಿ ಬಿ.ಎಡ್. ಪದವೀಧರೆಯಾಗಿ ಅರ್ಜಿ ಹಾಕಲಾರ. ಉದ್ಯೋಗದ ತಾರತಮ್ಯವು ನೇಮಕಾತಿಯ ದಿನ ಆರಂಭವಾಗುವುದಿಲ್ಲ. ಅದು ಮನೆ ಮತ್ತು ಶಾಲೆಯಲ್ಲಿ ಹತ್ತು ವರ್ಷ ಮೊದಲೇ ಆರಂಭವಾಗಿರುತ್ತದೆ.

5

ಸರ್ಕಾರಿ ಹುದ್ದೆಯ ಹೊರಗಿನ ಲೋಕ ಇನ್ನೂ ವಿಸ್ತಾರವಾದುದು. ಬಿಳಿಚೋಡಿನಂತಹ ಹೋಬಳಿ ಕೇಂದ್ರದಲ್ಲಿ ಸರ್ಕಾರಿ ಕೆಲಸವೆಂದರೆ ಶಾಲೆ, ಕಚೇರಿ, ಆಸ್ಪತ್ರೆಗಳ ಕೆಲವೇ ಹುದ್ದೆಗಳು. ಉಳಿದದ್ದೆಲ್ಲ ಹೊಲದ ಕೂಲಿ, ಅಂಗಡಿ, ಹೋಟೆಲು, ಗ್ಯಾರೇಜು, ಪಟ್ಟಣದ ಕಾರ್ಖಾನೆ. ಇಲ್ಲಿ ಶೇಕಡ 1ರ ನಿಯಮ ಪ್ರವೇಶಿಸುವುದಿಲ್ಲ.

2020ರ ಜನವರಿಯಲ್ಲಿ ಜಾರಿಗೆ ಬಂದ 2019ರ ಲಿಂಗಪರಿವರ್ತಿತ ವ್ಯಕ್ತಿಗಳ (ಹಕ್ಕುಗಳ ರಕ್ಷಣೆ) ಅಧಿನಿಯಮವು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುವ ಯತ್ನ ಮಾಡಿತು. ನೇಮಕಾತಿ, ಬಡ್ತಿ ಮೊದಲಾದ ವಿಷಯಗಳಲ್ಲಿ ಯಾವ ಸಂಸ್ಥೆಯೂ ತಾರತಮ್ಯ ಮಾಡಬಾರದೆಂದೂ ಪ್ರತಿ ಸಂಸ್ಥೆಯೂ ದೂರು ಅಧಿಕಾರಿಯನ್ನು ಗೊತ್ತುಪಡಿಸಬೇಕೆಂದೂ ಅದು ವಿಧಿಸಿತು. ಖಾಸಗಿ ಸಂಸ್ಥೆಗಳಿಗೂ ಇದು ಅನ್ವಯ. ಆದರೆ ಶಿಕ್ಷೆಯನ್ನು ಹೇಳುವ 18ನೆಯ ಕಲಮು ರೂಪುಗೊಂಡಾಗ ಅದರಲ್ಲಿ ಬಲವಂತದ ದುಡಿಮೆ, ಸಾರ್ವಜನಿಕ ಸ್ಥಳಗಳ ನಿರಾಕರಣೆ, ಮನೆಯಿಂದ ಹೊರದಬ್ಬುವುದು, ದೈಹಿಕ ಮತ್ತಿತರ ಹಿಂಸೆ ಇವು ಪಟ್ಟಿಯಾಗಿದ್ದವು. ಕೆಲಸ ನಿರಾಕರಿಸಿದ ಮಾಲೀಕನಿಗೆ ಪ್ರತ್ಯೇಕ ಶಿಕ್ಷೆ ನಮೂದಾಗಿರಲಿಲ್ಲ. ನಿಷೇಧವಿದ್ದು ದಂಡನೆಯಿಲ್ಲದ ಕಾನೂನು ಉಪದೇಶದ ಸಮೀಪಕ್ಕೆ ಬರುತ್ತದೆ.

ಕೆಲಸ ಕೊಟ್ಟ ಮೇಲೂ ಪ್ರಶ್ನೆ ಮುಗಿಯುವುದಿಲ್ಲ ಎಂಬುದಕ್ಕೆ ನೆರೆಯ ಕೇರಳದ ಒಂದು ನಿದರ್ಶನವಿದೆ. 2017ರಲ್ಲಿ ಕೊಚ್ಚಿ ಮೆಟ್ರೊ 23 ಮಂದಿ ಲಿಂಗಪರಿವರ್ತಿತರಿಗೆ ಉದ್ಯೋಗ ನೀಡಿ ದೇಶದ ಮೆಚ್ಚುಗೆ ಗಳಿಸಿತು. ಆದರೆ ನಗರದಲ್ಲಿ ಬಾಡಿಗೆಗೆ ಮನೆ ಕೊಡುವವರಿಲ್ಲದ ಕಾರಣ ಅವರಲ್ಲಿ ಕೆಲವರು ಬಹುಬೇಗ ಕೆಲಸ ತೊರೆಯಬೇಕಾಯಿತು. ಮಾಲೀಕನ ಒಳ್ಳೆಯತನವನ್ನು ಮನೆಯೊಡೆಯನ ಪೂರ್ವಗ್ರಹ ನಿಷ್ಫಲಗೊಳಿಸಿತು.

ಸಲಿಂಗಪ್ರೇಮಿಗಳಾದ ನೌಕರರ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಅವರ ಭಿನ್ನತೆ ಹೊರನೋಟಕ್ಕೆ ಕಾಣುವುದಿಲ್ಲ. ಆದ್ದರಿಂದ ಅವರಿಗೆ ಒದಗುವ ತಾರತಮ್ಯವು ಮೌನದ ರೂಪ ತಾಳುತ್ತದೆ. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ಹೊರತಂದಿತು. ಈ ಪ್ರಕರಣದ ಅರ್ಜಿದಾರರಲ್ಲಿ ಭರತನಾಟ್ಯ ಕಲಾವಿದ ನವತೇಜ್ ಸಿಂಗ್ ಜೋಹರ್, ಪತ್ರಕರ್ತ ಸುನಿಲ್ ಮೆಹ್ರಾ, ಪಾಕತಜ್ಞೆ ರಿತು ದಾಲ್ಮಿಯಾ, ಹೋಟೆಲ್ ಉದ್ಯಮಿ ಅಮನ್ ನಾಥ್ ಮೊದಲಾದ ಹೆಸರಾಂತರಿದ್ದರು. ಖ್ಯಾತರ ಸತ್ಕಾರ್ಯಕ್ಕೆ ಇದು ಬೇರೆಯೇ ಬಗೆಯ ಮಾದರಿ. ಅವರು ಹಣ ಕೊಡಲಿಲ್ಲ, ಅಪರಾಧಿಗಳೆಂದು ಗುರುತಿಸಿಕೊಳ್ಳುವ ಅಪಾಯವನ್ನು ಹೆಗಲಿಗೇರಿಸಿಕೊಂಡರು. ಕೆಲಸ ಕಳೆದುಕೊಳ್ಳುವ ಭಯವಿರುವ ಗುಮಾಸ್ತನಿಗೆ ಸಾಧ್ಯವಾಗದ ಮಾತನ್ನು, ಅಂತಹ ಭಯ ಕಡಿಮೆಯಿರುವವರು ನ್ಯಾಯಾಲಯದ ಮುಂದೆ ಆಡಿದರು. ಆಪಲ್ ಸಂಸ್ಥೆಯ ಮುಖ್ಯಸ್ಥ ಟಿಮ್ ಕುಕ್ 2014ರಲ್ಲಿ ತಮ್ಮ ಸಲಿಂಗಪ್ರೇಮವನ್ನು ಬಹಿರಂಗಪಡಿಸಿದ್ದನ್ನು ಇದರೊಂದಿಗೆ ಹೋಲಿಸಬಹುದು. ಆದರೂ ಅಮೆರಿಕದಲ್ಲಿ ಸಾಮಾನ್ಯ ನೌಕರನಿಗೆ ದೇಶವ್ಯಾಪಿ ರಕ್ಷಣೆ ದೊರೆತದ್ದು 2020ರ ಜೂನ್ 15ರಂದು, ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಸಲಿಂಗಪ್ರೇಮಿಯಾಗಿರುವ ಅಥವಾ ಲಿಂಗಪರಿವರ್ತಿತರಾಗಿರುವ ಕಾರಣಕ್ಕೆ ಕೆಲಸದಿಂದ ತೆಗೆಯುವುದು 1964ರ ನಾಗರಿಕ ಹಕ್ಕುಗಳ ಕಾಯಿದೆಯ ಉಲ್ಲಂಘನೆಯೆಂದು ತೀರ್ಪಿತ್ತಾಗ. ಭಾರತದಲ್ಲಿ ಸಂವಿಧಾನದ 15 ಮತ್ತು 16ನೆಯ ವಿಧಿಗಳು ಮುಖ್ಯವಾಗಿ ಪ್ರಭುತ್ವವನ್ನು ಬಂಧಿಸುತ್ತವೆ. ಖಾಸಗಿ ಮಾಲೀಕನು ಸಲಿಂಗಪ್ರೇಮದ ಕಾರಣಕ್ಕೆ ನೌಕರನನ್ನು ತೆಗೆದುಹಾಕುವುದನ್ನು ನೇರವಾಗಿ ಹೆಸರಿಸಿ ನಿಷೇಧಿಸುವ ಕೇಂದ್ರ ಕಾನೂನು ರೂಪುಗೊಂಡಿಲ್ಲ.

6

ಕನ್ನಡದ ಚಿಂತನ ಪರಂಪರೆಯಲ್ಲಿ ಈ ಸಮಸ್ಯೆಯನ್ನು ಅರ್ಥೈಸಲು ನೆರವಾಗುವ ಪರಿಕಲ್ಪನೆಗಳಿವೆ. ಹನ್ನೆರಡನೆಯ ಶತಮಾನದ ಶರಣರು ದಾನದ ಸ್ಥಾನದಲ್ಲಿ ದಾಸೋಹವನ್ನಿಟ್ಟರು. ಕೊಡುವವನ ಅಹಂಕಾರವನ್ನು ತೊಡೆಯುವುದು ಅದರ ಉದ್ದೇಶ. ಅದಕ್ಕೂ ಮುಖ್ಯವಾಗಿ ದುಡಿಮೆಯನ್ನು ಕಾಯಕವೆಂದು ಕರೆದು ವ್ಯಕ್ತಿಯ ಘನತೆಗೆ ಆಧಾರವಾಗಿಸಿದರು. ಆತ್ಮಕ್ಕೆ ಹೆಣ್ಣು–ಗಂಡೆಂಬ ಭೇದವಿಲ್ಲವೆಂದೂ ಅವರಲ್ಲಿ ಹಲವರು ಸಾರಿದರು. ಈ ಎರಡು ತತ್ತ್ವಗಳನ್ನು ಒಟ್ಟಿಗಿಟ್ಟು ನೋಡಿದರೆ, ಲಿಂಗತ್ವದ ಕಾರಣಕ್ಕೆ ಒಬ್ಬರಿಗೆ ಕಾಯಕವನ್ನು ನಿರಾಕರಿಸುವುದು ಅವರ ಮನುಷ್ಯತ್ವವನ್ನೇ ನಿರಾಕರಿಸಿದಂತೆ ಎಂಬ ತೀರ್ಮಾನ ಸಹಜವಾಗಿ ಒದಗುತ್ತದೆ.

ಒಟ್ಟಾರೆಯಾಗಿ ಹೇಳುವುದಾದರೆ, ಖ್ಯಾತರ ಸತ್ಕಾರ್ಯ ಮತ್ತು ಕಾನೂನು ಪರಸ್ಪರ ವಿರೋಧಿಗಳಲ್ಲ. ಸಂಚಾರಿ ವಿಜಯ್ ಅವರ ಅಭಿನಯ, ಮಂಜಮ್ಮನವರ ಪದ್ಮಶ್ರೀ ಇವು ನೋಟವನ್ನು ತಿದ್ದಿದವು. ಆ ನೋಟವನ್ನು ನಿಯಮವಾಗಿಸಿದ್ದು ಸಣ್ಣ ಸಂಘಟನೆಗಳ ದಾವೆ. ನಿಯಮವನ್ನು ನಿಜವಾಗಿಸಬೇಕಾದದ್ದು ಶಾಲೆ, ಬಾಡಿಗೆ ಮನೆ, ದೂರು ಅಧಿಕಾರಿ ಇತ್ಯಾದಿ ಸದ್ದಿಲ್ಲದ ವ್ಯವಸ್ಥೆಗಳು. ಆದ್ದರಿಂದ ಖ್ಯಾತರಿಂದ ನಿರೀಕ್ಷಿಸಬೇಕಾದ ಸತ್ಕಾರ್ಯದ ಸ್ವರೂಪವೂ ಬದಲಾಗಬೇಕು. ವೇದಿಕೆಯ ಮೇಲೆ ಸೀರೆ ಹೊದಿಸಿ ಸನ್ಮಾನಿಸುವುದಕ್ಕಿಂತ, ತಮ್ಮ ಚಿತ್ರತಂಡದಲ್ಲಿ, ಉದ್ಯಮದಲ್ಲಿ, ಕಚೇರಿಯಲ್ಲಿ ಸಂಬಳದ ಕೆಲಸ ಕೊಡುವುದು ಮೇಲು. ಶಾಲೆ ಬಿಡುವ ಹಂತದಲ್ಲಿರುವ ಮಗುವಿನ ಓದಿಗೆ ನೆರವಾಗುವುದು ಅದಕ್ಕಿಂತಲೂ ಮೇಲು.

ಈ ಪ್ರಯತ್ನಗಳ ಯಶಸ್ಸನ್ನು ಅಳೆಯುವ ಸ್ಥಳ ರಾಷ್ಟ್ರಪತಿಭವನವಲ್ಲ. ಬಿಳಿಚೋಡಿನ ಕಡೆಯಿಂದ ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಬಂದಿಳಿಯುವ ಲಿಂಗಪರಿವರ್ತಿತ ಯುವಜನರ ಕೈಯಲ್ಲಿ ಪಡಲಗಿಯ ಬದಲು ಅರ್ಜಿಯ ಪ್ರತಿಯಿದ್ದು, ಸಂಜೆ ಅವರು ಊರಿಗೆ ಮರಳಿದಾಗ ‘ಕೆಲಸ ಏನಾಯಿತು’ ಎಂಬ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಊರವರು ಅವರನ್ನೂ ಕೇಳುವಂತಾದರೆ, ಈ ನಿಯಮ ಆ ಊರನ್ನು ತಲುಪಿದೆಯೆಂದು ಹೇಳಬಹುದು.